ಪ್ರಶ್ನೆ ಗುರುತಾದ ಮಾದಪ್ಪ

ಹಾಡು ಕೇಳಲು ಕಂಪ್ಯೂಟರಿಗೆ ಯಾವ ಪ್ಲೇಯರ್ ಹಾಕಬೇಕು ಎಂದು ಕೇಳಿದರೆ ಅಂಗಡಿಯವರು ಸದ್ದಿನ ಮಾತಾಡುತ್ತಾರೆ: ಬೇಸ್ ಎಷ್ಟಿದೆ, ಈಕ್ವಲೈಸರ್ ಹೇಗಿದೆ, ಪರದೆಯ ಮೇಲೆ ಬಣ್ಣ ಕುಣಿಯುತ್ತದೋ ಇಲ್ಲವೋ. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟ ವರ್ಷಗಳಲ್ಲಿ ನನ್ನನ್ನು ಮತ್ತೆ ಕರೆಸಿದ ದೂರುಗಳಲ್ಲಿ ಸದ್ದಿನದು ಅಪರೂಪ. ಸ್ಪೀಕರ್ ಸರಿಯಿದ್ದರೆ ಒಂದೇ ಫೈಲು ಯಾವ ಪ್ಲೇಯರಿನಲ್ಲೂ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತದೆ. ಜನ ಕರೆಸುತ್ತಿದ್ದುದು ಬೇಕಾದ ಹಾಡು ಸಿಗುತ್ತಿಲ್ಲ ಎಂದು.

ಈ ಸೀಮೆಯ ಸಂಗ್ರಹವೇ ಹಾಗಿದೆ. ಹಿರಿಯರು ಬಿಟ್ಟುಹೋದ ಕ್ಯಾಸೆಟ್‌ಗಳು, ಬಸ್ ಸ್ಟ್ಯಾಂಡಿನಲ್ಲಿ ಕೊಂಡ ನೂರೈವತ್ತು ಹಾಡಿನ ಎಂಪಿ3 ಸಿ.ಡಿ., ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತುಂಬಿಸಿಕೊಂಡ ಮೆಮೊರಿ ಕಾರ್ಡ್, ಎಲ್ಲವೂ ಕೊನೆಗೆ ಡಿ ಡ್ರೈವಿನ ಒಂದು ಫೋಲ್ಡರಿಗೆ ಬಂದು ಬಿದ್ದಿರುತ್ತವೆ. ರಾಜಕುಮಾರ್ ಪಕ್ಕದಲ್ಲಿ ಸುಪ್ರಭಾತ, ಅದರ ಪಕ್ಕದಲ್ಲಿ ‘ಟ್ರ್ಯಾಕ್ 07’. ಹಾಡಿದವರ ಹೆಸರಿರಬೇಕಾದ ಕಡೆ ಯಾವುದೋ ಡೌನ್‌ಲೋಡ್ ತಾಣದ ವಿಳಾಸ. ಒಂದೇ ಹಾಡು ಮೂರು ಹೆಸರಿನಲ್ಲಿ.

ಮಳವಳ್ಳಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡವರೊಬ್ಬರು ಹಬ್ಬದ ಹಿಂದಿನ ದಿನ ಫೋನ್ ಮಾಡಿದರು. “ಅಣ್ಣೋ, ಮಾದಪ್ಪನ ಹಾಡೆಲ್ಲ ಬರೀ ಪ್ರಶ್ನೆ ಗುರ್ತಾಗಿ ಕುಂತವೆ, ಒಸಿ ಬಂದು ನೋಡಿ.” ಹೋಗಿ ನೋಡಿದರೆ ಫೋಲ್ಡರಿನಲ್ಲಿ ಹೆಸರುಗಳೆಲ್ಲ ಚೆನ್ನಾದ ಕನ್ನಡದಲ್ಲಿವೆ. ಮಾದಪ್ಪನ, ಎಂದರೆ ಮಲೆ ಮಹದೇಶ್ವರನ ಮೇಲೆ ಮಳವಳ್ಳಿ ಮಹದೇವಸ್ವಾಮಿಯವರು ಹಾಡಿದ ಹಾಡುಗಳನ್ನು ಮಗ ಕೂತು ಒಂದೊಂದಾಗಿ ಟೈಪ್ ಮಾಡಿ ಹೆಸರಿಸಿದ್ದ. ಆದರೆ ಅವರ ಹಳೆಯ ಪ್ಲೇಯರ್ ಉಳಿಸಿಟ್ಟಿದ್ದ ಪಟ್ಟಿಯಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಒತ್ತಿದರೆ ‘ಫೈಲ್ ಸಿಗಲಿಲ್ಲ’.

ಇದಕ್ಕೆ ವೈರಸ್ ಕಾರಣವಲ್ಲ. ಹಾಡಿನ ಪಟ್ಟಿ ಉಳಿಸುವ ಎಂ3ಯು ಎಂಬ ಹಳೆಯ ಬಗೆಯ ಫೈಲು ಅಕ್ಷರಗಳನ್ನು ವಿಂಡೋಸಿನ ಕೋಡ್ ಪೇಜ್ ಲೆಕ್ಕದಲ್ಲಿ ಬರೆಯುತ್ತದೆ. ರಷ್ಯನ್ನಿಗೆ, ಅರೇಬಿಕ್ಕಿಗೆ, ಥಾಯ್‌ಗೆ ಅಂಥ ಪುಟಗಳಿದ್ದವು. ಕನ್ನಡಕ್ಕೆ ಇರಲೇ ಇಲ್ಲ. ಕನ್ನಡ ವಿಂಡೋಸಿನೊಳಕ್ಕೆ ಬಂದದ್ದೇ ಯೂನಿಕೋಡ್ ಮೂಲಕ, 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಹಾಗಾಗಿ ಹಳೆಯ ಪಟ್ಟಿಗೆ ಕನ್ನಡ ಅಕ್ಷರ ಸಿಕ್ಕಿದಾಗಲೆಲ್ಲ ಅದು ಒಂದು ಪ್ರಶ್ನೆ ಗುರುತು ಒತ್ತಿ ಮುಂದೆ ಹೋಗುತ್ತದೆ. ಅದೇ ಪಟ್ಟಿಯನ್ನು ಎಂ3ಯು8 ಎಂದು ಉಳಿಸಿದರೆ ಅಕ್ಷರ ಯುಟಿಎಫ್-8ರಲ್ಲಿ ಕೂರುತ್ತದೆ, ಮಾದಪ್ಪ ಮಾದಪ್ಪನಾಗಿಯೇ ಇರುತ್ತಾನೆ. ಅಂದಿನಿಂದ ಹೊಸ ಪ್ಲೇಯರ್ ಪರೀಕ್ಷಿಸುವಾಗ ಮೊದಲು ಮಾಡುವ ಕೆಲಸ ಇದೇ: ಕನ್ನಡ ಹೆಸರಿನ ಫೈಲು ಹಾಕು, ಪಟ್ಟಿ ಉಳಿಸು, ಮುಚ್ಚು, ತೆರೆ. ತೆರೆದಾಗ ಕನ್ನಡ ಕಂಡರೆ ಮಾತ್ರ ಮುಂದಿನ ಮಾತು.

ಹಾಡಿನ ಫೈಲಿನ ಒಳಗೂ ಹೆಸರು ಬರೆಯುವ ಜಾಗವಿದೆ. ಅದಕ್ಕೆ ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಎರಿಕ್ ಕೆಂಪ್ ಹುಟ್ಟುಹಾಕಿದ ಮೊದಲ ಐಡಿ3 ಟ್ಯಾಗ್ ಎಂಪಿ3 ಫೈಲಿನ ಬಾಲಕ್ಕೆ ಅಂಟಿಸಿದ 128 ಬೈಟ್. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಆಲ್ಬಂಗೆ 30. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತಕ್ಕೂ 3 ಬೈಟ್, ಒತ್ತಿಗೆ 6 ಬೇಕು. ‘ಮಲೆ ಮಹದೇಶ್ವರ’ ಎಂದಿಷ್ಟಕ್ಕೇ 34 ಆಗುತ್ತದೆ. ತುರುಕಿದರೂ ಹಿಡಿಸದು. ಸಂಗೀತದ ಬಗೆಯನ್ನಂತೂ 80 ಹೆಸರಿನ ಸಿದ್ಧಪಟ್ಟಿಯಿಂದಲೇ ಆರಿಸಬೇಕಿತ್ತು. ಅದರಲ್ಲಿ ಪೋಲ್ಕಾ ಇದೆ, ಡೆತ್ ಮೆಟಲ್ ಇದೆ, ತತ್ವಪದಕ್ಕೆ ಜಾಗವಿಲ್ಲ. 1998ರಲ್ಲಿ ಬಂದ ಎರಡನೆಯ ಐಡಿ3 ಈ ಗೋಡೆಗಳನ್ನು ಒಡೆಯಿತು: ಯೂನಿಕೋಡ್ ಬರೆಯಬಹುದು, ಉದ್ದಕ್ಕೆ ಕಟ್ಟಿಲ್ಲ, ಬಗೆಯ ಹೆಸರನ್ನು ನಾವೇ ಇಡಬಹುದು. ಆದರೆ ಅದು ಎಲ್ಲೆಡೆ ಬಳಕೆಗೆ ಬರುವ ಹೊತ್ತಿಗೆ ಮನೆಮನೆಯ ಸಂಗ್ರಹ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರದು ಒಂದೊಂದು ಕಾಗುಣಿತದಲ್ಲಿ ತುಂಬಿಕೊಳ್ಳಲು ಶುರುವಾಗಿತ್ತು. ಕೆಲವರು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟ್ಯಾಗ್ ಬರೆದಿಟ್ಟರು. ಫಾಂಟ್ ಬದಲಾದ ಕೂಡಲೇ ಅವು ಚುಕ್ಕಿ ಹೊತ್ತ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ.

ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರ ಪೇಚು ಇನ್ನೊಂದು ಥರದ್ದು. ಅವರದ್ದು ಭಾವಗೀತೆಗಳ ಸಂಗ್ರಹ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ರತ್ನಮಾಲಾ ಪ್ರಕಾಶ್, ಎಲ್ಲರೂ ಇದ್ದಾರೆ. ಹಾಡಿದವರ ಹೆಸರಿನಲ್ಲಿ ಹುಡುಕಿದರೆ ತಕ್ಷಣ ಸಿಗುತ್ತದೆ. ಅವರಿಗೆ ಬೇಕಿದ್ದುದು ಕವಿ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಇದೇ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ, 1915ರಲ್ಲಿ. ‘ಮೈಸೂರು ಮಲ್ಲಿಗೆ’ 1942ರದು. ಅದರ ಪದ್ಯಗಳನ್ನು ಹಾಡದ ಸುಗಮ ಸಂಗೀತಗಾರರೇ ಕಡಿಮೆ. ಅಂಥ ಕವಿಯ ಹೆಸರು ಹೊಡೆದರೆ ಪರದೆ ಖಾಲಿ. “ಪದ್ಯ ಬರೆದೋರ ಹೆಸರೇ ಇಲ್ವಲ್ಲಪ್ಪ ಇದರಲ್ಲಿ” ಎಂದರು ಮೇಷ್ಟ್ರು, ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರು ಬಿಟ್ಟುಹೋದಷ್ಟೇ ಬೇಸರದಲ್ಲಿ.

ಪಶ್ಚಿಮದ ಪಾಪ್ ಹಾಡಿನ ಲೆಕ್ಕದಲ್ಲಿ ಕಟ್ಟಿದ ಪ್ಲೇಯರುಗಳಿಗೆ ಆರ್ಟಿಸ್ಟ್ ಮತ್ತು ಆಲ್ಬಂ ಸಾಕು. ನಮ್ಮಲ್ಲಿ ಸಿನಿಮಾ ಹಾಡಿಗೂ ಅದು ಸಾಲದು. ‘ನಾಗರಹಾವು’ 1972ರದು, ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಅವರ ಮೊದಲ ಚಿತ್ರ. ಅದರ ಹಾಡನ್ನು ಒಬ್ಬರು ಚಿತ್ರದ ಹೆಸರಲ್ಲಿ ಹುಡುಕುತ್ತಾರೆ, ಒಬ್ಬರು ಪಿ.ಬಿ. ಶ್ರೀನಿವಾಸ್ ಎಂದು, ಇನ್ನೊಬ್ಬರು ಸಂಗೀತ ಕೊಟ್ಟ ವಿಜಯಭಾಸ್ಕರ್ ಎಂದು. ‘ವಿಷ್ಣು ಹಾಡು’ ಎಂದು ಕೇಳುವವರೇ ಹೆಚ್ಚು, ಚಿತ್ರದ ನಾಯಕ ವಿಷ್ಣುವರ್ಧನ್ ಅದನ್ನು ಹಾಡದಿದ್ದರೂ. ಎರಡನೆಯ ಐಡಿ3ಯಲ್ಲಿ ಸಂಗೀತ ನಿರ್ದೇಶಕರಿಗೂ ಸಾಹಿತ್ಯ ಬರೆದವರಿಗೂ ಬೇರೆ ಬೇರೆ ಮನೆಗಳಿವೆ. ಅವನ್ನು ತೋರಿಸುವುದು, ಅವುಗಳಲ್ಲಿ ಹುಡುಕಲು ಬಿಡುವುದು ಪ್ಲೇಯರಿಗೆ ಸೇರಿದ್ದು. ಇಲ್ಲಿ ಫೂಬಾರ್2000 ಮತ್ತು ಮ್ಯೂಸಿಕ್‌ಬೀ ಎಂಬ ಪ್ಲೇಯರುಗಳೆರಡೂ ಎದ್ದು ನಿಲ್ಲುತ್ತವೆ. ಫೂಬಾರ್ ಕಟ್ಟಿದವರು ಹಿಂದೆ ವಿನ್‌ಆಂಪ್ ಎಂಬ ಪ್ಲೇಯರಿಗಾಗಿ ಕೆಲಸ ಮಾಡಿದ್ದ ಪೀಟರ್ ಪಾವ್ಲೋವ್‌ಸ್ಕಿ, 2002ರಲ್ಲಿ. ನೋಡಲು ಸಹಕಾರ ಸಂಘದ ಲೆಕ್ಕದ ಪರದೆಯಷ್ಟೇ ಸಪ್ಪೆ. ಆದರೆ ‘ಕವಿ’, ‘ಊರು’, ‘ನಟ’ ಎಂದು ಯಾವ ಹೆಸರಿನ ಮನೆ ಬೇಕಾದರೂ ಸೇರಿಸಿ ಅದರಲ್ಲಿ ಹುಡುಕಬಹುದು. ಮ್ಯೂಸಿಕ್‌ಬೀ ಇದನ್ನೇ ಹೆಚ್ಚು ಚೆಂದವಾಗಿ ಮಾಡುತ್ತದೆ, ಹೊಸಬರಿಗೆ ಬೇಗ ಒಗ್ಗುತ್ತದೆ. ಮೇಷ್ಟ್ರಿಗೆ ಹಾಕಿಕೊಟ್ಟದ್ದು ಮ್ಯೂಸಿಕ್‌ಬೀ. ಮಳೆಗಾಲವಿಡೀ ಕೂತು ಕವಿಗಳ ಹೆಸರು ತುಂಬಿದರು.

ಮದ್ದೂರಿನಲ್ಲಿ ಹೊಲಿಗೆ ಯಂತ್ರದ ಮುಂದೆ ದಿನ ಕಳೆಯುವ ಹೆಣ್ಣುಮಗಳೊಬ್ಬರಿಗೆ ಕವಿಯೂ ಬೇಡ, ಊರೂ ಬೇಡ. ಹಳೆಯ ಹಾಡು ಮೆಲ್ಲಗೆ ಬರುತ್ತದೆ, ಸದ್ದು ಏರಿಸಿ ಕೂರುತ್ತಾರೆ, ಮುಂದಿನದು ಹೊಸ ಸಿನಿಮಾದ ಹಾಡು, ಮನೆಯೇ ಅದುರುತ್ತದೆ. ಬಟ್ಟೆ ಬಿಟ್ಟು ಏಳಬೇಕು. ಇದಕ್ಕೆ ರೀಪ್ಲೇಗೇನ್ ಎಂಬ ಉಪಾಯವಿದೆ. 2001ರಲ್ಲಿ ಡೇವಿಡ್ ರಾಬಿನ್ಸನ್ ಮುಂದಿಟ್ಟದ್ದು. ಸಾಫ್ಟ್‌ವೇರ್ ಒಂದು ಸಲ ಎಲ್ಲ ಹಾಡನ್ನೂ ಅಳೆದು, ಕಿವಿಗೆ ಎಷ್ಟು ಜೋರು ಎಂಬ ಲೆಕ್ಕವನ್ನು ಟ್ಯಾಗಿನಲ್ಲಿ ಬರೆದಿಡುತ್ತದೆ. ನುಡಿಸುವಾಗ ಆ ಲೆಕ್ಕ ನೋಡಿ ಏರಿಸುತ್ತದೆ, ಇಳಿಸುತ್ತದೆ. ಹಾಡಿನ ಮೂಲ ಧ್ವನಿಗೆ ಕೈ ಹಾಕುವುದಿಲ್ಲ. ರಾತ್ರಿ ಅಳೆಯಲು ಬಿಟ್ಟು ಬಂದೆ. ಯಂತ್ರದ ಮುಂದಿನಿಂದ ಏಳದೆ ಹಾಡು ಬದಲಿಸಲು ಕೀಬೋರ್ಡಿನ ಒಂದು ಕೀಲಿಯನ್ನೂ ಗೊತ್ತುಮಾಡಿಕೊಟ್ಟೆ. ಇಂಥ ಸಣ್ಣ ಅನುಕೂಲದಷ್ಟು ಈಕ್ವಲೈಸರ್ ಯಾರಿಗೂ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ಕಥೆ ಕೇಳುವವರ ದಾರಿ ಬೇರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಅದು ಕ್ಯಾಸೆಟ್ಟಿಗೆ ಇಳಿದಾಗ ಅರ್ಧ ಗಂಟೆಗೊಂದು ಮಗ್ಗುಲಾಯಿತು, ಕಂಪ್ಯೂಟರಿಗೆ ಬಂದಾಗ ಮಗ್ಗುಲಿಗೊಂದು ಫೈಲಾಯಿತು. ಇಲ್ಲಿ ಎರಡು ಕಿರಿಕಿರಿ. ಒಂದು, ಸರದಿ. ಫೈಲಿಗೆ 1, 2, 3 ಎಂದು ಹೆಸರಿಟ್ಟರೆ ಎಷ್ಟೋ ಪ್ಲೇಯರುಗಳು 1 ಆದಮೇಲೆ 10ಕ್ಕೆ ಹಾರುತ್ತವೆ. 01, 02 ಎಂದು ಬರೆದರೆ, ಟ್ಯಾಗಿನ ಟ್ರ್ಯಾಕ್ ಸಂಖ್ಯೆಯನ್ನೂ ತುಂಬಿದರೆ ಸರಿಹೋಗುತ್ತದೆ. ಇನ್ನೊಂದು, ಕರೆಂಟು. ಕಥೆ ನಡುವೆ ಹೋದರೆ ಎಲ್ಲಿಗೆ ನಿಂತಿತ್ತು ಎಂದು ಎಳೆದಾಡುವುದು ಹಿರಿಯರಿಗೆ ಆಗದ ಕೆಲಸ. ಅಂಥ ಮನೆಗಳಿಗೆ ವಿಎಲ್‌ಸಿ ಎಂಬ ಪ್ಲೇಯರೂ ಇರಲಿ. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸದಿಂದ ಬೆಳೆದದ್ದು ಅದು. ನಾವು ಮುಚ್ಚಿಹೋದ ಫೈಲನ್ನು ಮತ್ತೆ ತೆರೆದರೆ ‘ಬಿಟ್ಟಲ್ಲಿಂದ ಮುಂದುವರಿಸಲೇ’ ಎಂದು ಕೇಳುವ ಸೌಲಭ್ಯ 2015ರ ಆವೃತ್ತಿಯಿಂದ ಇದೆ. ಆದರೂ ಕರೆಂಟು ದಿಢೀರನೆ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಯಾವ ಪ್ಲೇಯರನ್ನೂ ನಂಬಬೇಡಿ. ಹಾಡಿನಿಂದ ಹಾಡಿಗೆ ಬಿಡುವಿಲ್ಲದೆ ಹರಿಯಬೇಕಾದ ಕಛೇರಿಗಳಿಗೆ ವಿಎಲ್‌ಸಿ ಸಾಲದು, ನಡುವೆ ಸಣ್ಣ ತಡೆ ಬರುತ್ತದೆ. ಅದಕ್ಕೆ ಫೂಬಾರ್ ಮೇಲು.

ಇಷ್ಟೆಲ್ಲ ಮನೆ ತಿರುಗಿದ ಮೇಲೆ ನನಗೆ ಮನದಟ್ಟಾದದ್ದು ಒಂದು: ಪ್ಲೇಯರ್ ಹೋಗುತ್ತದೆ, ಫೈಲು ಉಳಿಯುತ್ತದೆ. 1997ರಲ್ಲಿ ಹುಟ್ಟಿದ ವಿನ್‌ಆಂಪ್ ಒಂದು ಕಾಲಕ್ಕೆ ಸೈಬರ್ ಸೆಂಟರುಗಳ ಎಲ್ಲ ಕಂಪ್ಯೂಟರಿನಲ್ಲೂ ಇತ್ತು. 1999ರಲ್ಲಿ ಎಒಎಲ್ ಕೊಂಡಿತು, 2013ರಲ್ಲಿ ಮುಚ್ಚುತ್ತೇವೆ ಎಂದಿತು, 2014ರಲ್ಲಿ ರೇಡಿಯೊನಮಿಗೆ ಕೈ ಬದಲಾಯಿತು. ಜನ ತಮ್ಮ ಹಾಡುಗಳನ್ನೂ ಏರಿಸಿ ಇಟ್ಟುಕೊಂಡಿದ್ದ ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತೇಹೋಯಿತು. ಐಟ್ಯೂನ್ಸಿನಲ್ಲಿ ಕೊಟ್ಟ ನಕ್ಷತ್ರಗಳು ಅದರ ಲೈಬ್ರರಿಯಲ್ಲೇ ಉಳಿಯುತ್ತವೆ, ಫೈಲಿನ ಜೊತೆ ಬರುವುದಿಲ್ಲ. ಹೀಗಿರುವಾಗ ನಾವು ಕೂತು ತುಂಬಿದ ಕವಿಯ ಹೆಸರು, ಊರಿನ ಹೆಸರು ಹಾಡಿನ ಫೈಲಿನೊಳಗೇ ಸೇರುತ್ತದೋ, ಇಲ್ಲ ಪ್ಲೇಯರಿನ ಪೆಟ್ಟಿಗೆಯಲ್ಲಿ ಬೀಗ ಬೀಳುತ್ತದೋ ಎಂದು ಮೊದಲೇ ನೋಡಬೇಕು. ನೋಡುವುದು ಸುಲಭ. ಒಂದರಲ್ಲಿ ಟ್ಯಾಗ್ ತಿದ್ದಿ ಇನ್ನೊಂದರಲ್ಲಿ ತೆರೆಯಿರಿ. ತಿದ್ದಿದ್ದು ಕಾಣದಿದ್ದರೆ ಆ ಪ್ಲೇಯರ್ ಬೇಡ.

ಸ್ವಂತ ಕ್ಯಾಸೆಟ್ ಇರುವವರಿಗೆ ಇನ್ನೊಂದು ಮಾತು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿನ ನೀಲಿ ಲೈನ್-ಇನ್ ತೂತಿಗೆ ತಂತಿ ಕೊಡಿ, ಗುಲಾಬಿ ಬಣ್ಣದ ಮೈಕಿನದಕ್ಕೆ ಬೇಡ, ಸದ್ದು ಒಡೆಯುತ್ತದೆ. ಆಡಾಸಿಟಿ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರಿನಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್ಟಿನಲ್ಲಿ ಹಿಡಿದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಪ್ರತಿಯನ್ನು ಫ್ಲಾಕ್ ಎಂಬ ಬಗೆಯ ಫೈಲಾಗಿ ಉಳಿಸಿ, ಜಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಧ್ವನಿಯಲ್ಲಿ ಒಂದು ಚೂರೂ ಕಳೆಯುವುದಿಲ್ಲ. ದಿನಬಳಕೆಗೆ ಎಂಪಿ3 ಮಾಡಿಕೊಳ್ಳಿ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಜನಪದರ ಹಾಡನ್ನು ಟೇಪಿಗೆ ಹಿಡಿಸಿದ ಜಿಲ್ಲೆಯಿದು. ನಿಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಅಜ್ಜಿಯ ಸೋಬಾನೆಯೋ ಊರಿನ ನಾಟಕವೋ ಇದ್ದರೆ ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲವರು ಇರುವಾಗಲೇ ಕೇಳಿ ಟ್ಯಾಗಿನಲ್ಲಿ ಬರೆದಿಡಿ.

ಮಂಡ್ಯದ ಸಾಮಾನ್ಯ ಮನೆಯ ವಿಂಡೋಸ್ ಕಂಪ್ಯೂಟರಿಗೆ ನನ್ನ ಶಿಫಾರಸು ಮ್ಯೂಸಿಕ್‌ಬೀ, ಜೊತೆಗೆ ವಿಎಲ್‌ಸಿ. ಕಂಪ್ಯೂಟರ್ ತೀರ ಹಳೆಯದಾಗಿದ್ದರೆ, ಅಥವಾ ಮನೆಯಲ್ಲಿ ಕೂತು ಹೊಂದಿಸುವ ತಾಳ್ಮೆಯವರಿದ್ದರೆ ಫೂಬಾರ್2000. ಲಿನಕ್ಸ್ ಹಾಕಿಕೊಂಡವರಿಗೆ ಅಡೇಶಿಯಸ್ ಹಗುರ. ಇವಾವುದಕ್ಕೂ ಮನೆಬಳಕೆಗೆ ದುಡ್ಡು ಕೊಡಬೇಕಿಲ್ಲ. ಅಂಗಡಿಯ ಪೆನ್‌ಡ್ರೈವಿನಿಂದ ಹಾಕಿಸಿಕೊಳ್ಳದೆ, ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.