ಟಿಂಕರಿಂಗ್ ಪ್ರಯೋಗಾಲಯದ ತರಗತಿ: ನಿರೀಕ್ಷೆಗಳು ಮತ್ತು ನಿಯಮಗಳು

ಅಟಲ್ ಇನ್ನೋವೇಶನ್ ಮಿಷನ್ನಿನ ಅಡಿಯಲ್ಲಿ ಶಾಲೆಗಳಲ್ಲಿ ತೆರೆಯಲಾದ ಟಿಂಕರಿಂಗ್ ಪ್ರಯೋಗಾಲಯಗಳು 6ರಿಂದ 12ನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ಉಪಕರಣಗಳ ಕೈಪಿಡಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಗಡಿನಾಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಹಿಂಜರಿದು ನಿಲ್ಲುವ ಸಂಭವವುಂಟು. ಆದುದರಿಂದ ನಿಯಮಗಳನ್ನು ಮೊದಲ ದಿನವೇ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚತಕ್ಕದ್ದು.

ಸುರಕ್ಷತೆಯ ವಿಷಯದಲ್ಲಿ ವಿನಾಯಿತಿಯಿಲ್ಲ. ಸೋಲ್ಡರಿಂಗ್ ಐರನ್ನಿನ ತುದಿಯು 300 ಡಿಗ್ರಿ ಸೆಲ್ಸಿಯಸ್ ಮೀರಿದರೂ ನೋಡಲು ತಣ್ಣಗಿರುವಂತೆಯೇ ತೋರುತ್ತದೆ. ರಕ್ಷಣಾ ಕನ್ನಡಕವಿಲ್ಲದೆ, ಶಿಕ್ಷಕರ ಅನುಪಸ್ಥಿತಿಯಲ್ಲಿ ಅದನ್ನು ಯಾರೂ ಮುಟ್ಟಕೂಡದು.

ದಾಖಲೆ ಪುಸ್ತಕದ ಮೌಲ್ಯಮಾಪನಕ್ಕೆ ಹೆಚ್ಚಿನ ವಿವೇಚನೆ ಬೇಕು. 5 ವೋಲ್ಟ್ ಮೂಲಕ್ಕೆ ಎಲ್‌ಇಡಿಯನ್ನು ರೋಧಕವಿಲ್ಲದೆ ಜೋಡಿಸಿ ಸುಟ್ಟ ಬಾಲಕಿಯೊಬ್ಬಳನ್ನು ಭಾವಿಸಬಹುದು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 3 ವೋಲ್ಟನ್ನು 220 ಓಮ್ ರೋಧಕವು ಹೊತ್ತರೆ ವಿದ್ಯುತ್ಪ್ರವಾಹವು ಸುಮಾರು 14 ಮಿಲಿಆಂಪಿಯರಿಗೆ ನಿಲ್ಲುತ್ತದೆ. ಸುಟ್ಟದ್ದೇಕೆಂಬುದನ್ನೂ ಈ ಲೆಕ್ಕವನ್ನೂ ಅವಳು ತನ್ನ ಮಾತಿನಲ್ಲಿ ಚಿತ್ರಸಹಿತ ಬರೆದಿದ್ದರೆ ಪೂರ್ಣ ಅಂಕ ಸಲ್ಲಬೇಕು. ರೋಧಕವೆಂದರೂ ರೆಸಿಸ್ಟರ್ ಎಂದರೂ ಅಂಕದಲ್ಲಿ ವ್ಯತ್ಯಾಸ ಮಾಡಲಾಗದು. ಸುಟ್ಟ ಎಲ್‌ಇಡಿಯ ಬೆಲೆಯನ್ನಂತೂ ವಸೂಲು ಮಾಡಕೂಡದು. ಮಾಡಿದಲ್ಲಿ ಬಡ ಮಕ್ಕಳು ಪೆಟ್ಟಿಗೆ ತೆರೆಯಲೇ ಅಂಜುವರು.

ತಡವಾಗಿ ಬಂದ ಕೆಲಸಕ್ಕೆ ಒಂದು ವಾರದ ಅವಧಿ ಸಾಕು. ಗುಂಪುಗಳಲ್ಲಿ ಹುಡುಗರು ತಂತಿ ಜೋಡಿಸುವುದು, ಹುಡುಗಿಯರು ಅಂದವಾಗಿ ಬರೆಯುವುದು ತಾನಾಗಿಯೇ ರೂಢಿಯಾಗಿಬಿಡುತ್ತದೆ. ಅದಕ್ಕೆಡೆಗೊಡದೆ, ಯಾರ ಕೈಯಲ್ಲಿ ಯಾವ ಕೆಲಸವೆಂಬುದನ್ನು ಶಿಕ್ಷಕರೇ ಪ್ರತಿ ವಾರ ಬದಲಿಸಿ ಹಲಗೆಯ ಮೇಲೆ ಬರೆಯತಕ್ಕದ್ದು.