ದಾಮಾಜಿಪಂತರ ರಸೀದಿ: ಆಪತ್ಕಾಲದ ಸೇವೆಯ ಕುರಿತು ಒಂದು ವಿಚಾರ

ಚಾತುರ್ಮಾಸ್ಯದ ದಿನಗಳು ನಮ್ಮ ಬೀದರ ಸೀಮೆಯಲ್ಲಿ ವ್ರತ-ಶ್ರವಣಗಳ ಕಾಲವಾಗಿರುವಂತೆಯೇ ಮಳೆಯ ಕಾಲವೂ ಹೌದು. ಮಾಂಜ್ರಾ ನದಿಯು ಉಕ್ಕಿದ ವರ್ಷ ಭಾಲ್ಕಿ, ಔರಾದ ತಾಲೂಕುಗಳ ತೀರದ ಹೊಲಗಳಲ್ಲಿ ಕೈಗೆ ಬಂದ ಹೆಸರು, ಉದ್ದುಗಳು ನಿಂತಲ್ಲಿಯೇ ಮೊಳೆತು ಕೆಡುತ್ತವೆ. ಮಳೆ ಬಾರದ ವರ್ಷ ಇದೇ ಸೀಮೆಯಲ್ಲಿ ಕುಡಿಯುವ ನೀರಿಗೂ ಪರದಾಟ. ಇಂತಹ ಆಪತ್ಕಾಲದಲ್ಲಿ ಗೃಹಸ್ಥರಾದ ನಮ್ಮ ಕರ್ತವ್ಯವೇನು?

ಇದಕ್ಕೆ ಉತ್ತರವು ಬೀದರಿಗೇ ಸಂಬಂಧಿಸಿದ ಒಂದು ಭಕ್ತಚರಿತ್ರೆಯಲ್ಲಿದೆ. ಬಹಮನಿ ಸುಲ್ತಾನರು ಬೀದರಿನಿಂದ ಆಳುತ್ತಿದ್ದ ಕಾಲದಲ್ಲಿ ದಾಮಾಜಿಪಂತರು ಮಂಗಳವೇಢೆಯ ಅಧಿಕಾರಿಗಳಾಗಿದ್ದರು. ಘೋರ ಕ್ಷಾಮ ಬಂದಾಗ ಅವರು ರಾಜನ ಕಣಜಗಳನ್ನು ತೆರೆದು ಹಸಿದವರಿಗೆ ಧಾನ್ಯವನ್ನು ಹಂಚಿದರು. ಅದಕ್ಕಾಗಿ ಅವರನ್ನು ಬಂಧಿಸಿ ಬೀದರಿಗೆ ಕರೆದೊಯ್ಯುತ್ತಿರಲು, ಪಂಢರಪುರದ ವಿಠ್ಠಲನು ವಿಠು ಮಹಾರನ ವೇಷದಿಂದ ಮುಂಚೆಯೇ ದರ್ಬಾರಿಗೆ ಬಂದು, ಧಾನ್ಯದ ಬೆಲೆಯನ್ನು ಸಲ್ಲಿಸಿ ರಸೀದಿಯನ್ನು ಪಡೆದನೆಂದು ಪರಂಪರೆಯು ಹೇಳುತ್ತದೆ.

ಇಲ್ಲಿ ಮೂರು ಪಾಠಗಳಿವೆ. ಮೊದಲನೆಯದು, ಕಣಜವು ದಾಮಾಜಿಯವರದಾಗಿರಲಿಲ್ಲ. ನಮ್ಮ ಕಣಜವೂ ನಮ್ಮದಲ್ಲ, ಸ್ವತಂತ್ರನಾದ ಶ್ರೀಹರಿಯದು. ಜನರ ಶುಶ್ರೂಷೆಯು ಪ್ರಜೆಯು ರಾಜನಿಗೆ ಸಲ್ಲಿಸುವ ಕರದಂತೆ ಭಗವಂತನಿಗೆ ಸಲ್ಲತಕ್ಕದ್ದೆಂಬುದು ಶ್ರೀಮದಾಚಾರ್ಯರ ಅಭಿಪ್ರಾಯ. ಕರ ಕೊಟ್ಟವನು ಉಪಕಾರ ಮಾಡಿದೆನೆಂದು ಹೇಳಿಕೊಳ್ಳುವುದುಂಟೆ? ಎರಡನೆಯದು, ಸಮಾಜವು ಊರಹೊರಗೆ ಇಟ್ಟಿದ್ದವನ ರೂಪವನ್ನೇ ಭಗವಂತನು ಧರಿಸಿದನು. ಆದ್ದರಿಂದ ಪರಿಹಾರದ ಅನ್ನಕ್ಕೆ ಕೈಯೊಡ್ಡಿದವನ ಕುಲವನ್ನು ಕೇಳುವ ಅಧಿಕಾರ ನಮಗಿಲ್ಲ. ಅಲ್ಲಿ ಹಸಿವೆಯೇ ಪಾತ್ರತೆ. ಮೂರನೆಯದು, ಸ್ವಯಂ ಭಗವಂತನೇ ರಸೀದಿ ಪಡೆದ ಮೇಲೆ ಲೆಕ್ಕವಿಲ್ಲದ ದಾನಸಂಗ್ರಹವು ನಮಗೆ ಶೋಭಿಸದು.

ನಮ್ಮ ನೆನಪಿನಲ್ಲಿಯೇ ಇರುವ ಉದಾಹರಣೆಯೊಂದುಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನರು ಮಲಗಿದ್ದಾಗ, ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಕುಸಿದು ಸುಮಾರು ಹತ್ತು ಸಾವಿರ ಜನರು ಮೃತರಾದರು. ಅಂತಹ ಸಮಯದಲ್ಲಿ ಕರುಣೆಯೊಂದೇ ಸಾಲದು, ಸಿದ್ಧತೆಯೂ ಬೇಕು.

ಆದುದರಿಂದ ಪ್ರತಿಯೊಂದು ಕುಟುಂಬವೂ ಹೀಗೆ ಆಚರಿಸಬಹುದು. ನಿತ್ಯವೂ ಅಡಿಗೆಗೆ ಮುನ್ನ ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಬೇರೆಯಾಗಿ ತೆಗೆದಿಡುವುದು. ಏಕಾದಶಿಯಂದು ಉಳಿದ ಅಡಿಗೆಯ ವೆಚ್ಚವನ್ನು ಆಪದ್ಧನವೆಂದು ಕೂಡಿಡುವುದು. ಆಪತ್ತು ಬಂದಾಗ ತಹಶೀಲ್ದಾರರ ಕಚೇರಿಯಲ್ಲಿಯೂ ಗ್ರಾಮ ಪಂಚಾಯತಿಯಲ್ಲಿಯೂ ಬೇಕಾದುದೇನೆಂದು ಮೊದಲು ವಿಚಾರಿಸಿ, ಅನಂತರವೇ ಕಳುಹಿಸುವುದು. ಹರಿದ ಬಟ್ಟೆಯನ್ನು ಹೊರೆಹಾಕುವುದು ದಾನವಲ್ಲ. ನೆರೆಯಲ್ಲಿ ಶುದ್ಧ ಜಲ, ಹೊದಿಕೆ, ಔಷಧಿ. ಬರದಲ್ಲಿ ದನಗಳಿಗೆ ಮೇವು. ನೀರಿಳಿದ ಮೇಲೆ ಬಿತ್ತನೆಯ ಬೀಜ, ಮಕ್ಕಳಿಗೆ ಪುಸ್ತಕ, ಇವು ಬೇಕಾಗುವ ವಸ್ತುಗಳು. ವಾರ್ತಾಪತ್ರಿಕೆಗಳು ಮರೆತ ಮೂರನೆಯ ತಿಂಗಳಿನಲ್ಲಿ ಮಾಡುವ ಸಹಾಯವೇ ಅನೇಕ ವೇಳೆ ಹೆಚ್ಚು ಉಪಯುಕ್ತ.

ಧನವಿಲ್ಲದವರು ದೇಹದಿಂದ ಸೇವೆ ಸಲ್ಲಿಸಬಹುದು. ಹದಿನೆಂಟು ತುಂಬಿದ ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಸ್ತ್ರೀಯರು ನಾಲ್ಕು ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು. ಅಕ್ಷರ ಬಲ್ಲ ತರುಣರು ಬೆಳೆಹಾನಿಯ ಅರ್ಜಿಯನ್ನು ತುಂಬಿಕೊಡಬಹುದು. ಮನೆಯ ಹಿರಿಯರು ಮಕ್ಕಳಿಗೆ ತುರ್ತು ಸಹಾಯದ 112, ಆಂಬುಲೆನ್ಸಿನ 108 ಸಂಖ್ಯೆಗಳನ್ನು ಕಂಠಪಾಠ ಮಾಡಿಸಬಹುದು. ಸಂಗ್ರಹವಾದುದರ ಲೆಕ್ಕವನ್ನು ಎಲ್ಲರೂ ಕಾಣುವಂತೆ ಬರೆದಿಡಬೇಕು.

ದಾಮಾಜಿಯವರು ಕಣಜವನ್ನು ತೆರೆದಾಗ ವಿಠ್ಠಲನು ಬಂದು ಋಣ ತೀರಿಸುವನೆಂದು ತಿಳಿದಿರಲಿಲ್ಲ. ಶಿಕ್ಷೆಯನ್ನು ಬಲ್ಲವರಾಗಿಯೇ ತೆರೆದರು. ನಮ್ಮಿಂದ ಅಪೇಕ್ಷಿತವಾಗಿರುವುದು ಪ್ರಾಣವಲ್ಲ, ಒಂದು ಹಿಡಿ ಧಾನ್ಯ ಮಾತ್ರ. ಅದನ್ನಾದರೂ ಇಂದಿನಿಂದಲೇ ತೆಗೆದಿಡೋಣ.

ಶ್ರೀಕೃಷ್ಣಾರ್ಪಣಮಸ್ತು.