ಕೈಗಡಕ್ಕೆ ಕಾಣದ ಬಡ್ಡಿ

ಬಸವನಗುಡಿಯಲ್ಲಿ ಬ್ಯಾಂಕುಗಳಿಗೆ ಬರವಿಲ್ಲ. ಪಕ್ಕದ ಚಾಮರಾಜಪೇಟೆಯಲ್ಲಿ ಬೆಂಗಳೂರು ಸಿಟಿ ಸಹಕಾರ ಬ್ಯಾಂಕು 1907ರಿಂದ ಸಾಲ ಕೊಡುತ್ತಾ ಬಂದಿದೆ. ಆದರೂ ಮಗಳ ಕಾಲೇಜು ಫೀಸು, ಆಸ್ಪತ್ರೆ ಖರ್ಚು, ಬಾಡಿಗೆ ಮನೆಯ ಅಡ್ವಾನ್ಸು ಎಂದಾಗ ಜನ ಮೊದಲು ಹೋಗುವುದು ಪರಿಚಯದವರ ಮನೆಗೆ. ಅಲ್ಲಿ ಅರ್ಜಿ ಬೇಡ, ಜಾಮೀನು ಬೇಡ, ಬಡ್ಡಿಯೂ ಇಲ್ಲ. ಕೊಡುವವರು 'ನಿಧಾನಕ್ಕೆ ಕೊಡು, ಪರವಾಗಿಲ್ಲ' ಎಂದು ಕೊಟ್ಟುಬಿಡುತ್ತಾರೆ. ಕೊಟ್ಟ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದ ನನಗೂ ಬ್ಯಾಂಕಿನ ತರಬೇತಿಯಲ್ಲಿ ಅದು ಸಿಗಲಿಲ್ಲ. ಸಿಕ್ಕಿದ್ದು ಯೆಹೂದಿಗಳ ಧರ್ಮಶಾಸ್ತ್ರದಲ್ಲಿ.

ನಮ್ಮ ಶಾಖೆಗೆ ಮುಂಬಯಿಯಿಂದ ವರ್ಗವಾಗಿ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದವರು. ಕೊಂಕಣ ಕರಾವಳಿಯಲ್ಲಿ ತಲೆತಲಾಂತರದಿಂದ ಎಣ್ಣೆ ಗಾಣ ನಡೆಸಿ, ಶನಿವಾರ ಮಾತ್ರ ಗಾಣ ಕಟ್ಟದೆ 'ಶನಿವಾರ ತೇಲಿ' ಎಂದು ಹೆಸರಾದ ಜನ ಅವರು. ಮಧ್ಯಾಹ್ನದ ಊಟದ ಹೊತ್ತಿಗೆ ಸಾಲದ ಕಡತಗಳ ಮಾತು ಬಂದರೆ, ಅವರು ತಮ್ಮ ಮೂಲ ಧರ್ಮಗ್ರಂಥವಾದ ಟೋರಾದ ನಿಯಮಗಳನ್ನೂ, ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ವಾದಗಳನ್ನೂ ಬಿಡಿಸಿ ಹೇಳುತ್ತಿದ್ದರು. ನಮ್ಮ ಊರಿಗೂ ಯೆಹೂದಿಗಳಿಗೂ ನಂಟಿದೆ ಎಂದು ನನಗೆ ತಿಳಿಸಿದವರೂ ಅವರೇ. ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ಜಾಗದಲ್ಲಿ, ಮೈಸೂರು ರಸ್ತೆಯ ಬಳಿ, ಯೆಹೂದಿಗಳ ರುದ್ರಭೂಮಿ ಇದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಯೆಹೂದಿ ವರ್ತಕ ರೂಬಿನ್ ಮೋಸೆಸ್ ಅವರ ಚಪ್ಪಲಿ, ಬೂಟುಗಳ ಅಂಗಡಿ ಒಂದು ಕಾಲಕ್ಕೆ ಊರಿಗೆಲ್ಲ ಪರಿಚಿತವಾಗಿತ್ತು. ಆ ಅಧಿಕಾರಿ ಹೇಳಿದ ನಿಯಮಗಳನ್ನು ನಾನು ನಿವೃತ್ತಿಯ ನಂತರ ಓದಿಕೊಂಡೆ, ಮನೆಯಲ್ಲಿ ಪಾಲಿಸತೊಡಗಿದೆ.

ಮೊದಲ ನಿಯಮ ಬಡ್ಡಿಯದು. ಟೋರಾ ಸ್ವಜನರಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಪಡೆಯಬಾರದು ಎನ್ನುತ್ತದೆ. ಹೊರಗಿನವರಿಗೆ ಕೊಡುವ ಸಾಲಕ್ಕೆ ಅದೇ ಗ್ರಂಥದಲ್ಲಿ ಬಡ್ಡಿಗೆ ಅವಕಾಶವಿದೆ. ಅಂದರೆ ಬ್ಯಾಂಕಿನ ಸಾಲ ಬೇರೆ, ಕಷ್ಟಕ್ಕೆ ಕೊಡುವ ಕೈಗಡ ಬೇರೆ ಎಂಬ ವಿವೇಕ ನನಗೆ ಅಲ್ಲಿ ಕಾಣುತ್ತದೆ. ಧರ್ಮಪಂಡಿತರು ಇಲ್ಲಿಗೇ ನಿಲ್ಲಲಿಲ್ಲ. ಬಡ್ಡಿ ಹಣವಾಗಿಯೇ ಬರಬೇಕೆಂದಿಲ್ಲ ಎಂದರು. ಸಾಲಗಾರ ಹಿಂದೆಂದೂ ತಾನಾಗಿ ನಮಸ್ಕರಿಸುವ ರೂಢಿ ಇಲ್ಲದವನಾಗಿದ್ದರೆ, ಸಾಲ ಪಡೆದ ಮೇಲೆ ಮುಂದಾಗಿ ನಮಸ್ಕರಿಸಲು ತೊಡಗುವುದೂ ಮಾತಿನ ಬಡ್ಡಿಯೇ ಎಂದು ತಾಲ್ಮುದಿನಲ್ಲಿ ಚರ್ಚೆಯಾಗಿದೆ. ಸಾಲ ಕೊಟ್ಟವರಿಗೆ ಪುಕ್ಕಟೆ ಚಾಕರಿ ಮಾಡಿಕೊಡುವುದೂ, ಸಾಲಗಾರನ ಮನೆಯಲ್ಲಿ ಬಾಡಿಗೆಯಿಲ್ಲದೆ ವಾಸಿಸುವುದೂ ಬಡ್ಡಿಯ ಲೆಕ್ಕಕ್ಕೇ ಸೇರುತ್ತವೆ.

ಇದನ್ನು ಓದಿದಾಗ ನನ್ನ ಕಣ್ಣೆದುರಿಗೆ ಬಂದದ್ದು ನಮ್ಮ ಮನೆಗಳೇ. ನಮ್ಮ ಮನೆಗೆಲಸಕ್ಕೆ ಬರುವಾಕೆ ಮಗಳ ಪಿಯುಸಿ ಫೀಸಿಗೆಂದು, "ಅಮ್ಮಾ, ನಲವತ್ತು ಸಾವಿರ ಕೊಟ್ಟಿರಿ, ತಿಂಗಳು ತಿಂಗಳು ತೀರಿಸ್ತೀನಿ" ಎಂದು ಕೇಳಿದಳು. ಕೊಡುವುದು ಕಷ್ಟವಿರಲಿಲ್ಲ. ಕೊಟ್ಟ ಮೇಲೆ ಗೌರಿ ಹಬ್ಬದ ಮುಂಚೆ ಅಟ್ಟ ಗುಡಿಸಿ ಕೊಡು, ಬೊಂಬೆ ಹಬ್ಬಕ್ಕೆ ಪೆಟ್ಟಿಗೆ ಇಳಿಸಿ ಕೊಡು, ನೆಂಟರು ಬಂದಿದ್ದಾರೆ ಭಾನುವಾರವೂ ಬಾ ಎಂದು ಕರೆಯುವ ಅಭ್ಯಾಸ ನಮ್ಮ ಬೀದಿಗಳಲ್ಲಿ ಬೇಕಾದಷ್ಟಿದೆ. ಆಕೆ ಇಲ್ಲ ಎನ್ನಲಾರಳು, ಬಾಕಿ ಇದೆಯಲ್ಲ! ಸಂಬಳ ಹೆಚ್ಚಿಸಿ ಎಂದು ಕೇಳಲೂ ಬಾಯಿ ಬರುವುದಿಲ್ಲ, ಬೇರೆ ಮನೆಯ ಕೆಲಸ ಒಪ್ಪಿಕೊಳ್ಳಲೂ ಧೈರ್ಯ ಬರುವುದಿಲ್ಲ. ಬಡ್ಡಿ ಬೇಡವೆಂದ ಮನೆಯವರು ಆ ಹೆಣ್ಣುಮಗಳ ಬೆವರಿನಲ್ಲಿ ಬಡ್ಡಿ ವಸೂಲು ಮಾಡಿಕೊಂಡಿರುತ್ತಾರೆ. ನಾನು ಮಾಡಿದ ಏರ್ಪಾಡು ಇಷ್ಟೇ. ಹೆಚ್ಚಿನ ಕೆಲಸಕ್ಕೆ ಅವತ್ತೇ ಹೆಚ್ಚಿನ ಕೂಲಿ. ಅದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವಂತಿಲ್ಲ. ಕೂಲಿಯವರ ಕೂಲಿಯನ್ನು ಸೂರ್ಯ ಮುಳುಗುವ ಮೊದಲು ಕೊಡಬೇಕೆಂಬುದೂ ಟೋರಾದ ಆಜ್ಞೆಯೇ. ವರ್ಷಕ್ಕೊಮ್ಮೆ ಸಂಬಳ ಏರಿಸುವುದನ್ನು ಸಾಲದ ನೆಪದಲ್ಲಿ ತಪ್ಪಿಸಲಿಲ್ಲ. ಕಂತು ಎರಡು ಸಾವಿರ ಎಂದು ಆಕೆಯೇ ಗೊತ್ತು ಮಾಡಿದಳು.

ಎರಡನೆಯ ನಿಯಮ ಬರಹದ್ದು. ಸಾಕ್ಷಿಯಿಲ್ಲದೆ ಸಾಲ ಕೊಟ್ಟವನು ಕುರುಡನ ದಾರಿಗೆ ಕಲ್ಲಿಟ್ಟಂತೆ ಎಂದು ತಾಲ್ಮುದಿನ ಪಂಡಿತರು ಹೇಳುತ್ತಾರೆ. ಕಾರಣವೂ ಸ್ಪಷ್ಟ. ಬರಹವಿಲ್ಲದಿದ್ದರೆ ಮರೆಯುವ, ಅಲ್ಲಗಳೆಯುವ ಆಸೆ ಸಾಲಗಾರನಿಗೆ ಹುಟ್ಟುತ್ತದೆ. ಆ ಆಸೆಗೆ ದಾರಿ ಮಾಡಿಕೊಟ್ಟವನು ಕೊಟ್ಟವನೇ. ಅಲ್ಲೊಂದು ಪ್ರಸಂಗವಿದೆ. ದೊಡ್ಡ ಪಂಡಿತನಾದ ರಾವ್ ಆಶಿ, ನಿಯಮಗಳನ್ನೆಲ್ಲ ಪಾಲಿಸುವವನೆಂದು ಹೆಸರಾದ ರವೀನನಿಗೆ ಶುಕ್ರವಾರ ಸಂಜೆ ಹೊತ್ತು ಮುಳುಗುವ ಗಡಿಬಿಡಿಯಲ್ಲಿ ಹೇಳಿ ಕಳಿಸುತ್ತಾನೆ: ಸ್ವಲ್ಪ ಜಮೀನು ಕೊಳ್ಳಬೇಕಾಗಿದೆ, ಹತ್ತು ಜೂಜ್ ನಾಣ್ಯ ಕಳಿಸಿ. ಸಾಕ್ಷಿಗಳನ್ನು ಕರೆಸಿ, ಪತ್ರ ಬರೆಯೋಣ ಎಂದು ಉತ್ತರ ಬರುತ್ತದೆ. ನನ್ನಂಥವನಿಗೂ ಪತ್ರವೇ ಎಂದು ಕೇಳಿದರೆ, ನಿಮಗಂತೂ ಬೇಕೇ ಬೇಕು, ಸದಾ ಓದಿನಲ್ಲಿ ಮುಳುಗಿರುವವರು, ಮರೆತುಬಿಟ್ಟೀರಿ ಎನ್ನುತ್ತಾನೆ ರವೀನ. ಚೀಟಿ ಬರೆಸುವುದು ಅಪನಂಬಿಕೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನ ನನಗೆ ಸಿಕ್ಕಿಲ್ಲ. ನಮ್ಮ ಕಡೆ 'ಅಣ್ಣ-ತಮ್ಮಂದಿರ ನಡುವೆ ಚೀಟಿ ಯಾಕೆ' ಎನ್ನುತ್ತಾರೆ. ಚೀಟಿ ಇಲ್ಲದ್ದಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ಬ್ಯಾಂಕಿನ ಕೌಂಟರಿನ ಈಚೆಯಿಂದ ನಾನು ಕಂಡಿದ್ದೇನೆ.

ನಮ್ಮ ಕಾನೂನೂ ಸಾಲಕ್ಕೆ ದಾಖಲೆಯನ್ನು ಬಯಸುತ್ತದೆ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದೆಂದು ಆದಾಯ ತೆರಿಗೆ ಕಾಯ್ದೆ ವಿಧಿಸಿದೆ; ತಪ್ಪಿದರೆ ಸಾಲದ ಮೊತ್ತದಷ್ಟೇ ದಂಡ, ಅದೂ ಪಡೆದವರ ಮೇಲೆ. ಬಡವರ ಕೈಗೆ ನೋಟಿನ ಕಟ್ಟು ಇಡುವುದೂ ಅವರ ದಾರಿಗೆ ಕಲ್ಲಿಟ್ಟಂತೆಯೇ. ಹಾಗಾಗಿ ಆ ನಲವತ್ತು ಸಾವಿರವನ್ನು ಆಕೆಯ ಖಾತೆಗೇ ಹಾಕಿದೆ. ಕನ್ನಡದಲ್ಲಿ ಎರಡು ಪ್ರತಿ ಚೀಟಿ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಒಂದನ್ನು ಆಕೆಯ ಕೈಗೆ ಕೊಟ್ಟೆ. ಪ್ರತಿ ಕಂತನ್ನೂ ಎರಡರಲ್ಲೂ ಗುರುತು ಹಾಕುತ್ತೇವೆ. ದೊಡ್ಡ ಮೊತ್ತವಾದರೆ ಪ್ರಾಮಿಸರಿ ನೋಟು ಬರೆಸಿ, ರೆವಿನ್ಯೂ ಸ್ಟಾಂಪು ಅಂಟಿಸಿ, ತಾರೀಖು ಹಾಕಿಸಿ. ಸಾಲ ವಸೂಲಿಗೆ ದಾವೆ ಹೂಡುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿ ಮುಗಿಯುವುದರೊಳಗೆ ಸಾಲ ಬಾಕಿ ಇದೆಯೆಂದು ಸಾಲಗಾರರು ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸ ಲೆಕ್ಕ.

ಮೂರನೆಯದು ಅಡವಿನ ಮಾತು. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಆ ಮನೆಯ ಜೀವ ಎನ್ನುತ್ತದೆ ಟೋರಾ. ಬಡವನ ಹೊದಿಕೆಯನ್ನು ಒತ್ತೆ ಪಡೆದಿದ್ದರೆ ರಾತ್ರಿಗೆ ಹಿಂದಿರುಗಿಸಬೇಕು. ಒತ್ತೆ ತರಲು ಅವನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಅದೇ ದಾರಿಯಲ್ಲಿದೆ. ಉಡುಗೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಧರ್ಮದ ರೂಢಿಯಂತೆ ಹೆಂಗಸರು ಮೈಯಿಂದ ತೆಗೆಯಬಾರದ ಒಡವೆ, ಇವನ್ನು ಕೋರ್ಟೂ ಜಪ್ತಿ ಮಾಡುವಂತಿಲ್ಲ. ಕೋರ್ಟು ಮುಟ್ಟದ್ದನ್ನು ನಾವು ಮುಟ್ಟಬಹುದೇ? ಎಟಿಎಂ ಕಾರ್ಡು, ರೇಷನ್ ಕಾರ್ಡು, ಆಟೋದ ಆರ್‌ಸಿ ಇಟ್ಟುಕೊಂಡು ಸಾಲ ಕೊಡುವವರು ಇಂದು ಬೀಸುವ ಕಲ್ಲನ್ನೇ ಕಿತ್ತುಕೊಳ್ಳುತ್ತಿದ್ದಾರೆ.

ನಾಲ್ಕನೆಯದು ಪಾಲಿಸಲು ಎಲ್ಲಕ್ಕಿಂತ ಕಷ್ಟ. ಸಾಲಗಾರನ ಬಳಿ ಹಣವಿಲ್ಲವೆಂದು ಗೊತ್ತಿದ್ದರೆ ಅವನ ಎದುರು ಹಾದು ಹೋಗಲೂ ಬಾರದು ಎನ್ನುತ್ತದೆ ತಾಲ್ಮುದ್. ಬಾಯಿಬಿಟ್ಟು ಕೇಳದಿದ್ದರೂ ಮುಖ ಕಂಡರೆ ಸಾಕು, ಅವನು ಕುಗ್ಗುತ್ತಾನೆ. ನನ್ನಿಂದ ಕೈಗಡ ಪಡೆದ ನೆರೆಯವರೊಬ್ಬರು ಕೆಲಸ ಕಳೆದುಕೊಂಡು, ಕೃಷ್ಣರಾವ್ ಪಾರ್ಕಿನಲ್ಲಿ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದರು. ನಾನು ವಾಕಿಂಗಿನ ಹೊತ್ತು ಬದಲಿಸಿಕೊಂಡೆ. ಕೆಲಸ ಸಿಕ್ಕ ಮೇಲೆ ಅವರೇ ಮನೆಗೆ ಬಂದು ಕಂತು ಶುರು ಮಾಡಿದರು. ಕಿರುಸಾಲ ವಸೂಲಿಯವರ ಕಿರುಕುಳಕ್ಕೆ ನಮ್ಮ ರಾಜ್ಯದಲ್ಲಿ ಜೀವಗಳೇ ಹೋದವು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬೇಕಾಯಿತು. ನೆರೆಹೊರೆಯ ಕೈಗಡಕ್ಕೆ ಅಂಥ ಕಾನೂನು ಬೇಕಾಗಬಾರದು. ಅದಕ್ಕೆ ಮರ್ಯಾದೆಯೇ ಕಾನೂನು.

ಹಾಗಾದರೆ ಎಷ್ಟು ಕೊಡಬೇಕು? ಪುರಾತನ ಉಷಾ ಪಟ್ಟಣದ ಯೆಹೂದಿ ಪಂಡಿತರು ದಾನಕ್ಕೂ ಮಿತಿ ಹಾಕಿದರು: ಆಸ್ತಿಯ ಐದನೇ ಒಂದು ಪಾಲನ್ನು ಮೀರಬೇಡ, ನೀನೇ ಬೇಡುವ ಸ್ಥಿತಿಗೆ ಬಂದೀಯೆ. ಕೈಗಡವನ್ನು ನಾನು ಇನ್ನೂ ಬಿಗಿಯಾಗಿ ಹಿಡಿದಿದ್ದೇನೆ. ವಾಪಸು ಬಾರದೇ ಹೋದರೂ ನನ್ನ ಔಷಧಿ, ವಿಮೆಯ ಪ್ರೀಮಿಯಂ, ಮನೆ ಖರ್ಚಿಗೆ ತೊಂದರೆಯಾಗದಂಥ ಹಣವನ್ನಷ್ಟೇ ಕೈಗಡಕ್ಕೆಂದು ಬೇರೆ ಖಾತೆಯಲ್ಲಿಟ್ಟಿದ್ದೇನೆ. ಅದರಲ್ಲಿ ಇದ್ದಷ್ಟೇ ಕೈಗಡ. ಎಫ್‌ಡಿ ಮುರಿದು ಕೊಡುವುದಿಲ್ಲ, ಚಿನ್ನ ಅಡವಿಟ್ಟು ಕೊಡುವುದಿಲ್ಲ.

ವ್ಯಾಪಾರಕ್ಕೆ ಕೇಳಿದರೆ ದಾರಿ ಬೇರೆ. ತಂಗಿಯ ಮಗ ಮಲ್ಲೇಶ್ವರದ ತನ್ನ ಕಾಂಡಿಮೆಂಟ್ಸ್ ಅಂಗಡಿಗೆ ಯಂತ್ರ ಕೊಳ್ಳಲು, "ದೊಡ್ಡಮ್ಮ, ಎರಡು ಲಕ್ಷ ಸಾಲ ಕೊಡಿ, ಬಡ್ಡಿ ಕೊಡ್ತೀನಿ" ಎಂದ. ಯೆಹೂದಿ ಶಾಸ್ತ್ರದಲ್ಲಿ ಇಂಥದ್ದಕ್ಕೆ 'ಇಸ್ಕಾ' ಎಂಬ ಒಪ್ಪಂದವಿದೆ: ಕೊಟ್ಟದ್ದರಲ್ಲಿ ಅರ್ಧ ಸಾಲ, ಅರ್ಧ ಪಾಲು ಬಂಡವಾಳ. ಲಾಭ ಬಂದರೆ ಹಂಚಿಕೆ, ನಷ್ಟವಾದರೆ ಪಾಲಿನ ನಷ್ಟ ಕೊಟ್ಟವರಿಗೂ. ಇಸ್ರೇಲಿನ ಬ್ಯಾಂಕುಗಳು ಇಂದಿಗೂ ಈ ಒಪ್ಪಂದದ ಆಧಾರದಲ್ಲಿ ವ್ಯವಹರಿಸುತ್ತವೆ. ನಾವೂ ಹಾಗೆಯೇ ಬರೆದುಕೊಂಡೆವು, ಲೆಕ್ಕಪರಿಶೋಧಕರಿಗೂ ತೋರಿಸಿದೆವು. ಹನ್ನೆರಡನೇ ಶತಮಾನದ ಯೆಹೂದಿ ಪಂಡಿತ ಮೈಮೋನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲು ಎಣಿಸಿ, ಮನುಷ್ಯ ಕೈಚಾಚದಂತೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಡುವುದನ್ನು ಎಲ್ಲಕ್ಕಿಂತ ಮೇಲಿಟ್ಟ. ಅದೇ ದಾರಿಯಲ್ಲಿ ನ್ಯೂಯಾರ್ಕಿನ ಯೆಹೂದಿಗಳು 1892ರಲ್ಲಿ ಬಡ್ಡಿಯಿಲ್ಲದ ಸಾಲದ ಸಂಘ ಕಟ್ಟಿದರು. ಅದು ಜಾಮೀನುದಾರರ ಸಹಿ ಪಡೆದು ಇಂದಿಗೂ ಸಾಲ ಕೊಡುತ್ತಿದೆ.

ನಿಮ್ಮ ಮನೆಯಲ್ಲೂ ಯಾರದಾದರೂ ಕೈಗಡದ ಬಾಕಿ ಇದ್ದೇ ಇರುತ್ತದೆ. ಈ ಭಾನುವಾರ ಒಂದು ಚೀಟಿ ಬರೆಯಿರಿ. ಬಾಕಿ ಎಷ್ಟು, ಕಂತು ಎಷ್ಟು ಎಂದು ಇಬ್ಬರೂ ಕೂತು ಒಪ್ಪಿಕೊಳ್ಳಿ. ಇಟ್ಟುಕೊಂಡ ಕಾರ್ಡು, ಕಾಗದಗಳನ್ನು ಹಿಂದಿರುಗಿಸಿ. ಸಾಲದ ಹೆಸರಿನಲ್ಲಿ ಪುಕ್ಕಟೆ ಮಾಡಿಸಿಕೊಂಡ ಕೆಲಸವಿದ್ದರೆ ಅದರ ಕೂಲಿಯನ್ನು ಇವತ್ತೇ ಕೊಟ್ಟುಬಿಡಿ.